ಅಡ್ಡಗಾಳಿಯಲ್ಲಿ ಲಘು ವಿಮಾನ: ನೆಲ ಮುಟ್ಟುವ ಮೊದಲೇ ಆಗಬೇಕಾದ ತೀರ್ಮಾನ

ಬೆಳಗಾವಿ ಜಿಲ್ಲೆಯ ಅನಂತಪುರದಿಂದ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳನ್ನು ದಾಟಿ ನಿಪ್ಪಾಣಿಯವರೆಗೆ ಹಬ್ಬಿರುವ ಸೀಮೆಯಲ್ಲಿ ವಿಮಾನ ನಿಲ್ದಾಣ ಒಂದೂ ಇಲ್ಲ. ಆದರೂ ಲಘು ವಿಮಾನದ ವಿಚಾರ ಈ ಸೀಮೆಗೆ ದೂರದ್ದೇನಲ್ಲ. ದಕ್ಷಿಣಕ್ಕೆ ಬೆಳಗಾವಿಯ ಸಾಂಬ್ರಾ ನಿಲ್ದಾಣವಿದೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ್ದು ಅದು. ವಾಯವ್ಯಕ್ಕೆ ಕೊಲ್ಹಾಪುರದ ಉಜಳಾಯಿವಾಡಿ ನಿಲ್ದಾಣವಿದೆ. ಸಂಸ್ಥಾನದ ಕಾಲದ್ದು, 1939ರಲ್ಲಿ ಶುರುವಾದದ್ದು. ಎರಡರ ನಡುವಿನ ನೇರ ಅಂತರ ನೂರು ಕಿಲೋಮೀಟರಿಗೂ ಕಡಿಮೆ, ನಕ್ಷೆಯ ಮೇಲೆ ಗೆರೆ ಎಳೆದರೆ ಅದು ಸಂಕೇಶ್ವರ, ನಿಪ್ಪಾಣಿಗಳ ನೆತ್ತಿಯ ಮೇಲೇ ಹಾಯುತ್ತದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ತರಬೇತಿ ಶಾಲೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಒಂದು, ಕಲಬುರಗಿ ಇನ್ನೊಂದು. ವಾಣಿಜ್ಯ ಪೈಲಟ್ ಪರವಾನಗಿ ಬೇಕೆನ್ನುವ ಹುಡುಗ ಹುಡುಗಿಯರು ಒಟ್ಟು 200 ಗಂಟೆ ಹಾರಬೇಕು. ಅದರಲ್ಲಿ ಕನಿಷ್ಠ 300 ನಾಟಿಕಲ್ ಮೈಲಿಯ ಒಂದು ದೂರ ಪ್ರಯಾಣವಿರಬೇಕು, ಆ ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿಯಾಗಿ ಇಳಿದು ನಿಲ್ಲಬೇಕು. ಹಾಗೆ ಇಳಿಯುವಾಗ ಅವರಿಗೆ ಎದುರಾಗುವ ತೊಡಕುಗಳಲ್ಲಿ ಬಲು ಸಾಮಾನ್ಯವಾದದ್ದು, ಬಲು ಹಗುರವಾಗಿ ತೆಗೆದುಕೊಳ್ಳುವಂಥದ್ದು, ರನ್‌ವೇಗೆ ಅಡ್ಡಲಾಗಿ ರಭಸ ಏರಿಳಿಯುತ್ತ ಬೀಸುವ ಗಾಳಿ. ಇಳಿತದ ಅಪಘಾತಗಳಲ್ಲಿ ಜೀವಹಾನಿ ಕಡಿಮೆ, ಆದರೆ ಸಣ್ಣ ವಿಮಾನಗಳ ಅಪಘಾತಗಳ ದೊಡ್ಡ ಪಾಲು ಇಳಿಯುವಾಗಲೇ ಆಗುತ್ತದೆ. ಸಾವು ಕಡಿಮೆ ಎಂಬ ಕಾರಣಕ್ಕೇ ಇದರ ಚರ್ಚೆಯೂ ಕಡಿಮೆಯಾಗಿದೆ.

ಈ ಲೇಖನದ ವಾದ ಇಷ್ಟು. ಬೀಸು ಏರಿಳಿಯುವ ಅಡ್ಡಗಾಳಿಯಲ್ಲಿ ಇಳಿಯಲು ಕೈಚಳಕ ಬೇಕೇ ಬೇಕು. ಆದರೆ ಕೈಚಳಕಕ್ಕೆ ಒಂದು ಗಡಿಯಿದೆ, ಆ ಗಡಿಯನ್ನು ವಿಮಾನದ ರಚನೆಯೇ ಹಾಕಿಟ್ಟಿದೆ. ಗಡಿ ಎಲ್ಲಿದೆ ಎಂದು ನೆಲದ ಮೇಲಿನ ಕೊನೆಯ ಹತ್ತಡಿಯಲ್ಲಿ ಹುಡುಕಲು ಹೊರಡುವುದೇ ಅಪಾಯ. ಉತ್ತರ ಕರ್ನಾಟಕದ ನಿಲ್ದಾಣಗಳ ಮಟ್ಟಿಗೆ ಈ ಮಾತಿಗೆ ಇನ್ನೊಂದು ತೂಕವೂ ಇದೆ. ಇಲ್ಲಿ ಬೇರೊಂದು ನಿಲ್ದಾಣಕ್ಕೆ ಹೋಗಿ ಗಾಳಿಯ ಕಾಟ ತಪ್ಪಿಸಿಕೊಳ್ಳುವ ಅವಕಾಶ ತೀರ ಕಡಿಮೆ. ತಪ್ಪಿಸಿಕೊಳ್ಳುವುದಿದ್ದರೆ ಹೊತ್ತನ್ನು ಬದಲಿಸಿಯೇ ತಪ್ಪಿಸಿಕೊಳ್ಳಬೇಕು. ಆದ್ದರಿಂದ ಮುಖ್ಯ ತೀರ್ಮಾನ ಹಾರುವ ಮೊದಲೇ ಆಗಬೇಕು, ಎರಡನೆಯದು ನೆಲಕ್ಕಿಂತ ಇನ್ನೂರು ಮುನ್ನೂರು ಅಡಿ ಮೇಲಿರುವಾಗಲೇ ಆಗಬೇಕು.

ಹಿಂದೆ ಈ ತೊಡಕು ಇಷ್ಟಿರಲಿಲ್ಲ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲೆ ಹಾಯ್ದು ಮದ್ರಾಸಿಗೆ ಒಯ್ದರು. ಆ ಕಾಲದ ವಿಮಾನದಾಣಗಳಲ್ಲಿ ಹೆಚ್ಚಿನವು ಬಯಲುಗಳು. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಮುಖ ಕೊಟ್ಟು ಇಳಿಯಬಹುದಿತ್ತು. ವಿಮಾನಗಳ ತೂಕ, ವೇಗ ಹೆಚ್ಚಿದಂತೆ ಗಟ್ಟಿ ನೆಲದ ಉದ್ದನೆಯ ಪಟ್ಟಿ ಬೇಕಾಯಿತು, ಪಟ್ಟಿಗೆ ಒಂದೇ ದಿಕ್ಕು. ಅಲ್ಲಿಂದ ಅಡ್ಡಗಾಳಿ ನಿತ್ಯದ ಪಾಡಾಯಿತು. ರಚನೆಯಿಂದಲೇ ಇದನ್ನು ಬಗೆಹರಿಸುವ ಪ್ರಯತ್ನಗಳೂ ನಡೆದವು. 1940ರ ದಶಕದ ಅಮೆರಿಕದಲ್ಲಿ ಎರ್ಕೂಪ್ ಎಂಬ ಪುಟ್ಟ ವಿಮಾನವನ್ನು ರಡ್ಡರ್ (ಬಾಲದ ಚುಕ್ಕಾಣಿ) ತಿರುಗಿಸುವ ಪೆಡಲ್ ಇಲ್ಲದೆ, ಮೂತಿ ಓರೆಯಾಗಿದ್ದರೂ ಇಳಿಯಬಲ್ಲ ಗಟ್ಟಿ ಚಕ್ರಗಳೊಂದಿಗೆ ಮಾಡಿದರು. ಸೆಸ್ನಾ 195ರಂಥ ಕೆಲವಕ್ಕೆ ತಾವಾಗಿ ಹೊರಳುವ ಚಕ್ರಗಳನ್ನೂ ಕೊಟ್ಟರು. ಇವು ಯಾವುವೂ ಸಣ್ಣ ವಿಮಾನಗಳಲ್ಲಿ ವಾಡಿಕೆಯಾಗಿ ನಿಲ್ಲಲಿಲ್ಲ. ನಮ್ಮಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2, 1958ರಲ್ಲಿ ಹಾರಿದ ಪುಷ್ಪಕ್ ಎರಡೂ ಬಾಲಚಕ್ರದ ವಿಮಾನಗಳು. ಅಂಥವುಗಳಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ನೆಲ ಮುಟ್ಟಿದಾಗ ಮೂತಿ ಸ್ವಲ್ಪ ಓರೆಯಿದ್ದರೂ ಬಾಲ ಮುಂದಕ್ಕೆ ಬರಲು ಹವಣಿಸಿ ವಿಮಾನ ಬುಗುರಿಯಂತೆ ತಿರುಗಿಬಿಡುತ್ತದೆ. ಇಂದಿನ ಸೆಸ್ನಾ 172, ಅಥವಾ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ, ಮೂಗಿನ ಚಕ್ರದ ವಿಮಾನಗಳು. ತೂಕದ ಕೇಂದ್ರ ಮುಖ್ಯ ಚಕ್ರಗಳ ಮುಂದಿರುವುದರಿಂದ ಸಣ್ಣ ತಪ್ಪನ್ನು ತಾವೇ ನೆಟ್ಟಗೆ ಮಾಡಿಕೊಳ್ಳುತ್ತವೆ. ಆ ಕ್ಷಮಾಗುಣವೇ ಕಲಿಯುವವರಲ್ಲಿ ಹುಸಿ ಧೈರ್ಯ ತುಂಬುವುದೂ ಉಂಟು.

ನಮ್ಮ ರನ್‌ವೇಗಳ ದಿಕ್ಕನ್ನು ನೋಡೋಣ. ರನ್‌ವೇಗೆ ಕೊಡುವ ಅಂಕೆ ಅದರ ದಿಕ್ಸೂಚಿ ಕೋನದ ಹತ್ತನೇ ಒಂದು ಭಾಗ. ಬೆಳಗಾವಿಯದು 08/26, ಅಂದರೆ ಒಂದು ಕಡೆಯಿಂದ 80 ಡಿಗ್ರಿ, ಇನ್ನೊಂದು ಕಡೆಯಿಂದ 260 ಡಿಗ್ರಿ. ಹುಬ್ಬಳ್ಳಿಯದೂ 08/26. ಕೊಲ್ಹಾಪುರದ್ದು 07/25. ಕಲಬುರಗಿ, ಮೈಸೂರುಗಳದು 09/27. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆಯ ಪಟ್ಟಿಯೂ 08/26. ಇದು ಕಾಕತಾಳೀಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನಿನ ಪಡುಗಾಳಿ, ಚಳಿಗಾಲದಲ್ಲಿ ಮೂಡುಗಾಳಿ: ವರ್ಷದ ಎರಡು ದೊಡ್ಡ ಗಾಳಿಗಳಿಗೆ ಪೂರ್ವ–ಪಶ್ಚಿಮದ ಪಟ್ಟಿ ಹೊಂದುತ್ತದೆ. ಮಾನ್ಸೂನಿನ ಗಾಳಿ ಎಷ್ಟು ಬಲವುಳ್ಳದ್ದೆಂಬುದಕ್ಕೆ ಗಡಿಯಾಚೆ ಜತ್ತ, ಕವಠೆ ಮಹಾಂಕಾಳದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಆದರೆ ಹೊಂದುತ್ತದೆ ಎಂದರೆ ಸರಾಸರಿಯಲ್ಲಿ ಹೊಂದುತ್ತದೆ ಎಂದಷ್ಟೇ ಅರ್ಥ. ಗಾಳಿ 220 ಡಿಗ್ರಿಯಿಂದ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ಬೀಸಿದರೆ 26ರ ಪಟ್ಟಿಗೆ ನಲವತ್ತು ಡಿಗ್ರಿ ಓರೆಯಾಗುತ್ತದೆ, ಅದರ ಅಡ್ಡ ಪಾಲು ಸುಮಾರು 13 ನಾಟ್. ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳಲ್ಲಿ ಗಾಳಿ ವಾಯವ್ಯಕ್ಕೆ ಹೊರಳಿದರೆ ಓರೆ ಇನ್ನೂ ಹೆಚ್ಚು.

ಇಲ್ಲಿಯೇ ಒಂದು ಮುಖ್ಯ ಸಂಗತಿ ಅಡಗಿದೆ. ಪಠ್ಯಪುಸ್ತಕಗಳು ಕೊಡುವ ಮೊದಲ ಸಲಹೆ, ಅಡ್ಡಗಾಳಿ ಮಿತಿ ಮೀರಿದರೆ ಗಾಳಿಗೆ ಹೊಂದುವ ಬೇರೆ ರನ್‌ವೇಗೆ ಹೋಗಿ ಎಂಬುದು. ಹತ್ತು ಹದಿನೈದು ಮೈಲಿಗೊಂದು ನಿಲ್ದಾಣ, ಹಲವುಗಳಲ್ಲಿ ಎರಡು ಮೂರು ದಿಕ್ಕಿನ ಪಟ್ಟಿಗಳಿರುವ ದೇಶಗಳಲ್ಲಿ ಅದು ಒಳ್ಳೆಯ ಸಲಹೆ. ಬೆಳಗಾವಿಯಲ್ಲಿ ಇಳಿಯಲಾಗದ ಪೈಲಟ್ ಹುಬ್ಬಳ್ಳಿಗೋ ಕೊಲ್ಹಾಪುರಕ್ಕೋ ಹೋದರೆ ಅಲ್ಲಿಯೂ ಹೆಚ್ಚು ಕಡಿಮೆ ಅದೇ ದಿಕ್ಕಿನ ಪಟ್ಟಿ, ಅದೇ ಹೊತ್ತಿನಲ್ಲಿ ಹೆಚ್ಚು ಕಡಿಮೆ ಅದೇ ಗಾಳಿ. ಇಂಥ ಕಡೆ ಬದಲಿ ನಿಲ್ದಾಣ ಮಳೆಯಿಂದ, ಮಂಜಿನಿಂದ ಕಾಪಾಡೀತು. ಅಡ್ಡಗಾಳಿಯಿಂದ ಕಾಪಾಡುತ್ತದೆಂಬ ಭರವಸೆಯಿಲ್ಲ. ಆದರೆ ದಿನದ ಹೊತ್ತು ಕಾಪಾಡುತ್ತದೆ. ಬೇಸಿಗೆಯಲ್ಲಿ ನೆಲ ಕಾಯುವುದಕ್ಕೆ ಮುಂಚಿನ ಬೆಳಗು ಶಾಂತ. ಹತ್ತು ಹನ್ನೊಂದು ಗಂಟೆಯ ಮೇಲೆ ಕಾದ ಗಾಳಿ ಮೇಲೇರತೊಡಗಿ, ಮೇಲಿನ ವೇಗದ ಗಾಳಿ ಅದರ ಜಾಗಕ್ಕೆ ಇಳಿದು, ನೆಲಮಟ್ಟದಲ್ಲಿ ಬೀಸು ಏರಿಳಿಯತೊಡಗುತ್ತದೆ. ಕೃಷ್ಣೆಯ ನೀರು ಕುಡಿದ ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆ ತಂಪು. ಅನಂತಪುರದ ಸುತ್ತಿನ ಒಣ ಹೊಲ ಕಾದ ಹಂಚು. ಇಂಥ ತುಂಡು ತುಂಡು ನೆಲದ ಮೇಲೆ ತಗ್ಗಿನಲ್ಲಿ ಹಾರುವ ಸಣ್ಣ ವಿಮಾನ ಒಮ್ಮೆ ಎತ್ತಲ್ಪಡುತ್ತದೆ, ಒಮ್ಮೆ ಕುಸಿಯುತ್ತದೆ. ಸಂಜೆಯ ಹೊತ್ತಿಗೆ ಗುಡುಗು ಮೋಡ ಕಟ್ಟಿದರೆ ಮಳೆಗೆ ಮುಂಚೆ ಬರುವ ತಂಪು ಗಾಳಿಯ ಮುಂಚೂಣಿ ನಿಮಿಷಾರ್ಧದಲ್ಲಿ ದಿಕ್ಕನ್ನೂ ಬಲವನ್ನೂ ಬದಲಿಸುತ್ತದೆ. ಆ ಗಾಳಿಗೆ ಯಾವ ಲೆಕ್ಕವೂ ಹಿಡಿಯುವುದಿಲ್ಲ. ಅದರಲ್ಲಿ ಇಳಿಯಬಾರದು, ಅಷ್ಟೆ.

ಗಾಳಿಯ ಅಡ್ಡ ಪಾಲನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ರೀತಿ ಸುಲಭ. ಪಟ್ಟಿಗೂ ಗಾಳಿಗೂ ನಡುವಣ ಕೋನ 30 ಡಿಗ್ರಿಯಿದ್ದರೆ ಗಾಳಿಯ ಅರ್ಧ, 45 ಇದ್ದರೆ ಮುಕ್ಕಾಲಿಗೆ ತುಸು ಕಡಿಮೆ, 60 ದಾಟಿದರೆ ಹೆಚ್ಚು ಕಡಿಮೆ ಪೂರ್ತಿ ಎಂದು ಹಿಡಿಯಬಹುದು. ಆದರೆ 15 ನಾಟ್ ಅಡ್ಡಗಾಳಿ ಎಲ್ಲ ವಿಮಾನಗಳಿಗೂ ಒಂದೇ ಅಲ್ಲ. 140 ನಾಟ್ ವೇಗದಲ್ಲಿ ಬರುವ ಪ್ರಯಾಣಿಕ ಜೆಟ್ ನೆಟ್ಟಗೆ ಸಾಗಲು ತನ್ನ ಮೂತಿಯನ್ನು ಗಾಳಿಯತ್ತ ಆರು ಡಿಗ್ರಿ ಓರೆ ಮಾಡಿದರೆ ಸಾಕು. 65 ನಾಟ್‌ನಲ್ಲಿ ಬರುವ ಸೆಸ್ನಾ 172 ಹದಿಮೂರು ಡಿಗ್ರಿ ಓರೆಯಾಗಬೇಕು. ದೊಡ್ಡ ವಿಮಾನಗಳು ಈ ಗಾಳಿಯಲ್ಲಿ ಇಳಿಯುತ್ತಿವೆಯಲ್ಲ, ನಾವೇಕೆ ಹೆದರಬೇಕು ಎಂಬ ಮಾತಿಗೆ ಇಷ್ಟೇ ಉತ್ತರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವೂ ಈ ಭೇದವನ್ನು ಒಪ್ಪಿಕೊಂಡಿದೆ. ಒಂದು ನಿಲ್ದಾಣದ ರನ್‌ವೇ ದಿಕ್ಕನ್ನು ಆರಿಸುವಾಗ ಶೇಕಡ 95ರಷ್ಟು ಕಾಲವಾದರೂ ಅಡ್ಡಗಾಳಿ ಮಿತಿಯೊಳಗಿರಬೇಕು ಎಂಬುದು ಅದರ ಸೂಚನೆ. ಆ ಮಿತಿ ಉದ್ದ ರನ್‌ವೇ ಬೇಕಾದ ದೊಡ್ಡ ವಿಮಾನಗಳಿಗೆ 20 ನಾಟ್, ನಡುವಿನವಕ್ಕೆ 13, ಚಿಕ್ಕವಕ್ಕೆ 10. ಅಂದರೆ ಜೆಟ್‌ಗಳಿಗೆಂದು ಹಾಕಿದ ಪಟ್ಟಿ ಜೆಟ್‌ಗಳ ಮಟ್ಟಿಗೆ ವರ್ಷವಿಡೀ ಸಲೀಸಾಗಿದ್ದರೂ ಅದರ ಮೇಲೆ ಕಲಿಯುವ ಪುಟ್ಟ ವಿಮಾನಕ್ಕೆ ಹಲವು ಮಧ್ಯಾಹ್ನ ಮಿತಿ ಮೀರಿದ್ದಾಗಿರಬಹುದು. ರನ್‌ವೇಯ ಉದ್ದ, ಅಗಲ ಕೊಡುವ ನಿರಾಳದಲ್ಲಿ ಈ ಸಂಗತಿ ಮರೆಯಾಗುತ್ತದೆ.

ವಿಮಾನದ ಕೈಪಿಡಿ ಕೊಡುವ ಅಂಕೆಯನ್ನೂ ಸರಿಯಾಗಿ ಓದಬೇಕು. ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್, 152ರಲ್ಲಿ 12 ನಾಟ್ ಎಂದಿದೆ. ಇದು ಪರೀಕ್ಷಾ ಹಾರಾಟದಲ್ಲಿ ತೋರಿಸಿಕೊಟ್ಟ ಅಡ್ಡಗಾಳಿ. ಪ್ರಮಾಣೀಕರಣದ ನಿಯಮ ಕೇಳಿದ್ದು ಇದಕ್ಕಿಂತ ಕಡಿಮೆ: ಇಳಿತದ ರೂಪದಲ್ಲಿ ವಿಮಾನದ ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬಲ್ಲ ಕನಿಷ್ಠ ವೇಗ, ಎಷ್ಟೋ ಅದರ ಐದನೇ ಒಂದು ಭಾಗ, 172ರ ಮಟ್ಟಿಗೆ ಸುಮಾರು 10 ನಾಟ್. ತೋರಿಸಿಕೊಟ್ಟದ್ದು ಕಾನೂನಿನ ಮಿತಿಯಲ್ಲ, ಅದನ್ನು ಮೀರಿ ಇಳಿದ ಅನುಭವಿಗಳು ಬೇಕಾದಷ್ಟಿದ್ದಾರೆ ಎಂಬ ಆಕ್ಷೇಪ ಸದಾ ಕೇಳಿಬರುತ್ತದೆ. ಮಾತು ನಿಜ. ಆದರೆ ಆ ಅಂಕೆಯ ಹಿಂದೆ ಪರೀಕ್ಷಾ ಪೈಲಟ್‌ನ ಕೈ, ಹೊಸ ವಿಮಾನ, ಹೊಸ ಟೈರು ಇವೆ. ಐವತ್ತು ಗಂಟೆ ಹಾರಿದ ವಿದ್ಯಾರ್ಥಿಗೂ ಹಳೆಯ ತರಬೇತಿ ವಿಮಾನಕ್ಕೂ ಅದು ತಾನಾಗಿ ಅನ್ವಯಿಸದು. ಅಂಕೆಯನ್ನು ಮೀರಿದ ಅನುಭವಿ ತನ್ನ ಅನುಭವದ ಬಲದಿಂದ ಮೀರುತ್ತಾನೆ. ಆ ಬಲವಿಲ್ಲದವನು ಅಂಕೆಯ ಹತ್ತಿರ ಸುಳಿಯುವುದಕ್ಕೂ ಕಾರಣ ಬೇಕು.

ಬೀಸಿನ ಏರಿಳಿತ ಸೇರಿಕೊಂಡಾಗ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹವಾಮಾನ ವರದಿಯಲ್ಲಿ ಬರುವ ಗಾಳಿಯ ವೇಗ ಹತ್ತು ನಿಮಿಷದ ಸರಾಸರಿ. ಬೀಸಿನ ತುದಿ ಆ ಸರಾಸರಿಗಿಂತ 10 ನಾಟ್ ಇಲ್ಲವೇ ಹೆಚ್ಚು ಮೀರಿದಾಗ ಮಾತ್ರ ವರದಿಯಲ್ಲಿ ಅದನ್ನು ಬೇರೆಯಾಗಿ ಹೇಳುವುದು ವಾಡಿಕೆ. ಒಂದು ಉದಾಹರಣೆ ನೋಡಿ. ಗಾಳಿ 310 ಡಿಗ್ರಿಯಿಂದ ಸರಾಸರಿ 14 ನಾಟ್, ಬೀಸಿನ ತುದಿ 22. ವ್ಯತ್ಯಾಸ ಎಂಟೇ ಆದ್ದರಿಂದ ವರದಿ 14 ಎಂದಷ್ಟೇ ಹೇಳುತ್ತದೆ. 26ರ ಪಟ್ಟಿಗೆ ಕೋನ ಐವತ್ತು. 14ರ ಅಡ್ಡ ಪಾಲು 11 ನಾಟ್‌ಗೂ ಕಡಿಮೆ. ಪೈಲಟ್ ಕೈಪಿಡಿಯ 15ನ್ನು ನೆನೆದು ನಿಶ್ಚಿಂತನಾಗುತ್ತಾನೆ. ಆದರೆ 22ರ ಅಡ್ಡ ಪಾಲು 17 ನಾಟ್. ಸರಾಸರಿಯಲ್ಲಿ ಮಿತಿಯೊಳಗಿದ್ದ ಗಾಳಿ ತುದಿಯಲ್ಲಿ ಮಿತಿ ದಾಟಿದೆ, ಅದನ್ನು ಯಾರೂ ಅವನಿಗೆ ಹೇಳಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 14ರಿಂದ 22ಕ್ಕೆ ಏರಿದಾಗ ಅದು ಸುಮಾರು ಎರಡೂವರೆ ಪಟ್ಟಾಗುತ್ತದೆ. ಆದ್ದರಿಂದ ಇಳಿಯಬೇಕೋ ಬೇಡವೋ ಎಂಬ ಲೆಕ್ಕವನ್ನು ಬೀಸಿನ ತುದಿಯ ಮೇಲೆ ಹಾಕಬೇಕು, ಸರಾಸರಿಯ ಮೇಲೆ ಹಾಕಬಾರದು. ತುದಿ ಎಷ್ಟೆಂದು ಟವರ್‌ನವರನ್ನು ಕೇಳಬೇಕು. ಗಾಳಿಚೀಲ ಒಮ್ಮೆ ಬಿಗಿದು ಒಮ್ಮೆ ಜೋತುಬೀಳುತ್ತಿದೆಯೇ ನೋಡಬೇಕು. ದೂರ ಪ್ರಯಾಣದಲ್ಲಿ ನೆಲದ ಮೇಲಿನ ಗುರುತುಗಳೂ ಒದಗುತ್ತವೆ: ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಹೊಗೆ, ಹೊಲದಲ್ಲಿ ರವದಿ ಸುಡುವ ಹೊಗೆ, ಗಾಳಿಯಂತ್ರಗಳು ಮುಖ ಮಾಡಿದ ದಿಕ್ಕು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದಲ್ಲಿ ರಾಶಿ ತೂರುವವನಿಗೆ ಸರಿ. ಆದರೆ ಅವನೂ ಒಂದೇ ಹದದ ಗಾಳಿಗೆ ಕಾಯುತ್ತಾನೆ, ಗಾಳಿ ಸುಳಿ ತಿರುಗುವಾಗ ಮೊರ ಕೆಳಗಿಡುತ್ತಾನೆ.

ಇನ್ನು ಇಳಿಯುವ ಕ್ರಮ. ಎರಡು ರೀತಿಗಳಿವೆ. ಒಂದರಲ್ಲಿ ಮೂತಿಯನ್ನು ಗಾಳಿಯತ್ತ ಓರೆ ಮಾಡಿ, ರೆಕ್ಕೆ ಸಮವಾಗಿಟ್ಟು, ಏಡಿಯಂತೆ ಸಾಗಿ ಬಂದು, ನೆಲ ಮುಟ್ಟುವ ಕ್ಷಣಕ್ಕೆ ರಡ್ಡರ್ ಒತ್ತಿ ಮೂತಿಯನ್ನು ಪಟ್ಟಿಗೆ ನೇರ ಮಾಡುತ್ತಾರೆ. ಇನ್ನೊಂದರಲ್ಲಿ ಗಾಳಿಯ ಕಡೆಯ ರೆಕ್ಕೆಯನ್ನು ಅದರ ಅಂಚಿನ ಅಲುಗಾದ ಏಲೆರಾನ್‌ನಿಂದ ತಗ್ಗಿಸಿ, ಎದುರು ರಡ್ಡರ್‌ನಿಂದ ಮೂತಿಯನ್ನು ನೇರವಾಗಿಟ್ಟು, ಗಾಳಿಯ ಕಡೆಯ ಚಕ್ರ ಮೊದಲು ನೆಲ ಮುಟ್ಟುವಂತೆ ಇಳಿಯುತ್ತಾರೆ. ಮೊದಲನೆಯದರಲ್ಲಿ ನೇರ ಮಾಡುವ ಕ್ಷಣ ತಪ್ಪಬಾರದು. ತುಸು ಮೊದಲೇ ಮಾಡಿದರೆ ವಿಮಾನ ಪಕ್ಕಕ್ಕೆ ಸರಿಯುತ್ತದೆ, ತಡವಾದರೆ ಚಕ್ರಗಳು ಅಡ್ಡಡ್ಡ ನೆಲಕ್ಕೆ ಉಜ್ಜುತ್ತವೆ. ಬೀಸು ಏರಿಳಿಯುವಾಗ ಆ ಕ್ಷಣ ಹಿಡಿಯುವುದು ಇನ್ನೂ ಕಷ್ಟ. ಎರಡನೆಯದರಲ್ಲಿ ತಿದ್ದುವುದು ನಿರಂತರ. ಬೀಸು ಹೆಚ್ಚಿದರೆ ರೆಕ್ಕೆಯನ್ನು ಇನ್ನಷ್ಟು ತಗ್ಗಿಸುವುದು, ಇಳಿದರೆ ಎತ್ತುವುದು. ಹಗುರ ವಿಮಾನಕ್ಕೆ ದೂರದಲ್ಲಿ ಓರೆ ಮೂತಿ, ಕೊನೆಯ ಇನ್ನೂರು ಮುನ್ನೂರು ಅಡಿಯಲ್ಲಿ ತಗ್ಗಿದ ರೆಕ್ಕೆ ಎಂಬ ಕೂಡುರೀತಿ ಹೆಚ್ಚು ವಿವೇಕದ್ದು. ಅದಕ್ಕೆ ಒಂದು ಬಲವಾದ ಕಾರಣವಿದೆ. ತಗ್ಗಿದ ರೆಕ್ಕೆಯ ರೀತಿ ತನ್ನೊಳಗೇ ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದೆ: ರಡ್ಡರ್ ಪೆಡಲ್ ತುದಿಯವರೆಗೆ ಒತ್ತಿದ ಮೇಲೂ ಮೂತಿ ಪಟ್ಟಿಗೆ ನೇರ ನಿಲ್ಲದಿದ್ದರೆ, ಅಥವಾ ವಿಮಾನ ಗೆರೆಯಿಂದ ಸರಿಯುತ್ತಲೇ ಇದ್ದರೆ, ಈ ಗಾಳಿ ಈ ವಿಮಾನದ ಗಡಿ ಮೀರಿದೆ ಎಂದು ಅಲ್ಲೇ, ಇನ್ನೂ ಎತ್ತರ ಕೈಯಲ್ಲಿರುವಾಗಲೇ ಗೊತ್ತಾಗುತ್ತದೆ. ಎಷ್ಟೇ ಗಂಟೆ ಹಾರಿದವನ ಕಾಲೂ ಪೆಡಲ್‌ನ ತುದಿಯಿಂದ ಮುಂದಕ್ಕೆ ಹೋಗಲಾರದು. ಮೂತಿ ಓರೆಯಾಗಿಯೇ ಕೊನೆಯವರೆಗೆ ಬಂದವನಿಗೆ ಈ ಸುದ್ದಿ ತಲುಪುವುದು ನೆಲದ ಹತ್ತಿರ, ತಡವಾಗಿ.

ವೇಗದ ವಿಷಯದಲ್ಲಿ ಇನ್ನೊಂದು ಜನಪ್ರಿಯ ನಂಬಿಕೆಯಿದೆ: ಗಾಳಿ ಹೆಚ್ಚಿದ್ದರೆ ವೇಗವನ್ನೂ ಧಾರಾಳವಾಗಿ ಹೆಚ್ಚಿಸಿ. ಇದರಲ್ಲಿ ಅರ್ಧ ಸತ್ಯವಿದೆ. ಬೀಸು ಇದ್ದಕ್ಕಿದ್ದಂತೆ ಇಳಿದಾಗ ವಿಮಾನದ ಗಾಳಿವೇಗವೂ ಇಳಿಯುತ್ತದೆ, ಸ್ಟಾಲ್‌ಗೆ ಅಂತರ ಕುಗ್ಗುತ್ತದೆ. ಅದಕ್ಕೆಂದೇ ಸರಾಸರಿಗೂ ಬೀಸಿನ ತುದಿಗೂ ಇರುವ ವ್ಯತ್ಯಾಸದ ಅರ್ಧವನ್ನು ಸೇರಿಸುವ ರೂಢಿ ಬಂದಿದೆ. ಮೇಲಿನ ಉದಾಹರಣೆಯಲ್ಲಿ ವ್ಯತ್ಯಾಸ 8. 65ಕ್ಕೆ 4 ಸೇರಿಸಿ 69 ಆದರೆ ನೆಲ ಮುಟ್ಟಿದ ಮೇಲೆ ಕರಗಿಸಬೇಕಾದ ಶಕ್ತಿ ಶೇಕಡ 13ರಷ್ಟು ಹೆಚ್ಚು. ಧಾರಾಳಿಯಾಗಿ 80ರಲ್ಲಿ ಬಂದರೆ ಅದು ಒಂದೂವರೆ ಪಟ್ಟು. ಅಷ್ಟು ವೇಗದಲ್ಲಿ ವಿಮಾನ ನೆಲಕ್ಕೆ ಕೂರುವುದಿಲ್ಲ. ಪಟ್ಟಿಯ ಮೇಲೆ ತೇಲುತ್ತ ಸಾಗುತ್ತದೆ, ತೇಲಿದಷ್ಟೂ ಹೊತ್ತು ಮುಂದಿನ ಬೀಸಿಗೆ ಮೈಯೊಡ್ಡಿರುತ್ತದೆ. ಬಲವಂತವಾಗಿ ಕೂರಿಸಹೋದರೆ ಮೂಗಿನ ಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ. ಇದಕ್ಕೆ ನಮ್ಮ ಎತ್ತರ, ಬಿಸಿಲು ಎರಡೂ ಸೇರುತ್ತವೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ತಾಪ 36 ಡಿಗ್ರಿ ಮುಟ್ಟಿದ ಮಧ್ಯಾಹ್ನ ಅಲ್ಲಿಯ ತೆಳುವಾದ ಗಾಳಿ ವಿಮಾನದ ಪಾಲಿಗೆ 5,500 ಅಡಿಯ ಎತ್ತರದ ಗಾಳಿಗೆ ಸಮ. ಮಾಪಕ 65 ತೋರಿಸುವಾಗ ನಿಜವಾದ ವೇಗ 70 ದಾಟಿರುತ್ತದೆ. ಮಾಪಕದ ಅಂಕೆಗೆ ಇನ್ನಷ್ಟು ಸೇರಿಸುವವರು ಈ ಮರೆಯ ಐದು ಆರು ನಾಟ್‌ಗಳನ್ನು ಎಣಿಸಿರುವುದಿಲ್ಲ. ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಫ್ಲ್ಯಾಪ್‌ಗಳ ಬಗ್ಗೆ ಸೆಸ್ನಾ ಕೈಪಿಡಿಯ ಸೂಚನೆ ಸ್ಪಷ್ಟ: ಬಲವಾದ ಅಡ್ಡಗಾಳಿಯಲ್ಲಿ, ರನ್‌ವೇಯ ಉದ್ದಕ್ಕೆ ಎಷ್ಟು ಕಡಿಮೆ ಸಾಕೋ ಅಷ್ಟನ್ನೇ ಇಳಿಸಿ. 2,300 ಮೀಟರಿನ ಬೆಳಗಾವಿ ಪಟ್ಟಿಯ ಮೇಲೆ ಪೂರ್ತಿ ಫ್ಲ್ಯಾಪ್ ಇಳಿಸಬೇಕಾದ ಅಗತ್ಯವೇ ಇಲ್ಲ.

ಚಕ್ರ ನೆಲ ಮುಟ್ಟಿತೆಂದರೆ ಮುಗಿಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು. ವೇಗ ಇಳಿದಂತೆ ಏಲೆರಾನ್‌ನ ಹಿಡಿತ ಸಡಿಲವಾಗುತ್ತದೆ, ಗಾಳಿಯ ಹಿಡಿತ ಸಡಿಲವಾಗುವುದಿಲ್ಲ. ಆದ್ದರಿಂದ ಗಾಳಿಯ ಕಡೆಗೆ ಕೊಟ್ಟ ಏಲೆರಾನ್ ಅನ್ನು ಬಿಡದೆ, ಇನ್ನೂ ಹೆಚ್ಚಿಸುತ್ತ, ಕೊನೆಗೆ ಪೂರ್ತಿ ಕೊಡಬೇಕು. ನಿಂತ ನೀರಿನಂತೆ ಕಾಣುವ ಗಾಳಿಯಲ್ಲಿ ಕಲಿತ ಕೈ, ನೆಲ ಮುಟ್ಟಿದೊಡನೆ ಹಿಡಿಕೆಯನ್ನು ನಡುವಿಗೆ ತಂದುಬಿಡುತ್ತದೆ. ಹ್ಯಾಂಗರು, ಮರಗಳ ಸಾಲಿನ ಮರೆ ದಾಟಿದ ಜಾಗದಲ್ಲಿ ಬೀಸು ಹೊಡೆದಾಗ ಗಾಳಿಯ ಕಡೆಯ ರೆಕ್ಕೆ ಎದ್ದು ವಿಮಾನ ಪಟ್ಟಿಯಿಂದ ಹೊರಳುವುದು ಆಗಲೇ. ನಿಂತು, ಕಟ್ಟಿಹಾಕುವವರೆಗೂ ಇಳಿತ ಮುಗಿದಿಲ್ಲ.

ಇಷ್ಟೆಲ್ಲದರ ನಡುವೆ ಉಳಿಯುವ ಒಂದೇ ಬಾಗಿಲು, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು, ಪೈಲಟ್‌ಗಳ ಮಾತಿನಲ್ಲಿ ಗೋ-ಅರೌಂಡ್. ಇದನ್ನು ಮಾಡದೆ ಹೋದದ್ದರ ಬೆಲೆಯನ್ನು ಕರ್ನಾಟಕ ಕಂಡಿದೆ. 2010ರ ಮೇ 22ರಂದು ಮಂಗಳೂರಿನ ವಿಮಾನ ಅಪಘಾತದಲ್ಲಿ 158 ಜನರ ಪ್ರಾಣ ಹೋಯಿತು. ಹದ ತಪ್ಪಿದ ಇಳಿತವನ್ನು ಸಹಪೈಲಟ್ ಮತ್ತೆ ಮತ್ತೆ ಎಚ್ಚರಿಸಿದರೂ ಕ್ಯಾಪ್ಟನ್ ನಿಲ್ಲಿಸಲಿಲ್ಲ ಎಂದು ತನಿಖೆ ಹೇಳಿತು. 2020ರ ಆಗಸ್ಟ್ 7ರಂದು ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ ಹಿಂಗಾಳಿ, ಮಳೆಯ ನಡುವೆ ಪಟ್ಟಿಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿದ ವಿಮಾನದ ಕಥೆಯಲ್ಲೂ ತನಿಖೆ ಬೆರಳು ತೋರಿದ್ದು ಮತ್ತೆ ಮೇಲೇರದ ನಿರ್ಧಾರದ ಕಡೆಗೇ. ಇವೆರಡೂ ಜೆಟ್‌ಗಳು, ಎರಡರಲ್ಲೂ ಮುಖ್ಯ ತೊಡಕು ಅಡ್ಡಗಾಳಿಯಲ್ಲ. ಆದರೆ ಮನಸ್ಸಿನ ಓಟ ಒಂದೇ. ಇಷ್ಟು ದೂರ ಬಂದಿದ್ದೇವೆ, ಇನ್ನೇನು ನೆಲ ಸಿಕ್ಕಿತು ಎಂಬ ಸೆಳೆತಕ್ಕೆ ಅನುಭವಿಗಳೇ ಸೋಲುವುದಾದರೆ ಹೊಸಬರನ್ನು ಕೇಳುವುದೇ ಬೇಡ. ಇದಕ್ಕೆ ಮದ್ದು, ಗೋ-ಅರೌಂಡ್ ಅನ್ನೇ ಮೂಲ ಯೋಜನೆಯೆಂದು ಹಿಡಿದು, ಇಂತಿಂಥ ಷರತ್ತು ಕೂಡಿಬಂದರೆ ಮಾತ್ರ ಇಳಿಯುತ್ತೇನೆ ಎಂದುಕೊಳ್ಳುವುದು: ಮುನ್ನೂರು ಅಡಿಯಲ್ಲಿ ಮೂತಿ ನೇರ, ನಡುಗೆರೆಯ ಮೇಲೆ ಹಿಡಿತ, ವೇಗ ಗುರಿಯಿಂದ ಐದು ನಾಟ್‌ನ ವ್ಯತ್ಯಾಸದೊಳಗೆ, ರಡ್ಡರ್ ಇನ್ನೂ ಉಳಿದಿದೆ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಥ್ರಾಟಲ್ ಪೂರ್ತಿ.

ಗೋ-ಅರೌಂಡ್ ತಾನೇ ಅಪಾಯ ತರುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪೂರ್ತಿ ಶಕ್ತಿ ಕೊಟ್ಟೊಡನೆ ಮೂತಿ ತಾನಾಗಿ ಮೇಲೇಳುತ್ತದೆ, ವಿಮಾನ ಎಡಕ್ಕೆ ಎಳೆಯುತ್ತದೆ, ಇಳಿಸಿದ ಫ್ಲ್ಯಾಪ್ ಏರುವುದನ್ನು ತಡೆಯುತ್ತದೆ; ಬೇಸಿಗೆಯ ತೆಳುಗಾಳಿಯಲ್ಲಿ ಎಂಜಿನ್ನೂ ಸೊರಗಿರುತ್ತದೆ. ಗಾಬರಿಯಲ್ಲಿ ಮೂತಿ ಎತ್ತಿ ಸ್ಟಾಲ್ ಆದ ಪ್ರಸಂಗಗಳು ಬೇಕಾದಷ್ಟಿವೆ. ಆದರೆ ಈ ಅಪಾಯವೆಲ್ಲ ಹುಟ್ಟುವುದು ತಡವಾಗಿ, ತಗ್ಗಿನಲ್ಲಿ, ಅಭ್ಯಾಸವಿಲ್ಲದೆ ಮಾಡಿದಾಗ. ಇನ್ನೂರು ಅಡಿಯ ಮೇಲೆ, ಶಾಂತ ಮನಸ್ಸಿನಿಂದ, ಕಡಿಮೆ ಫ್ಲ್ಯಾಪ್‌ನೊಂದಿಗೆ ಮಾಡಿದ ಗೋ-ಅರೌಂಡ್ ಸಾಧಾರಣ ಟೇಕಾಫ್‌ಗಿಂತ ಕಷ್ಟವೇನಲ್ಲ. ಅಂದರೆ ಈ ಆಕ್ಷೇಪ ಬೇಗ ತೀರ್ಮಾನಿಸಬೇಕೆಂಬ ವಾದವನ್ನೇ ಗಟ್ಟಿಮಾಡುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಗೌರವ ಸಲ್ಲಬೇಕು: ಗಾಳಿಯನ್ನು ತಪ್ಪಿಸಿಕೊಂಡೇ ಹಾರಿದವನು ಗಾಳಿಯಲ್ಲಿ ಇಳಿಯುವುದನ್ನು ಕಲಿಯುವುದು ಎಂದು? ಬೆಳಗಿನ ತಂಪಿನಲ್ಲೇ 200 ಗಂಟೆ ಮುಗಿಸಿದವನು ಮುಂದೆ ಎಲ್ಲೋ ಒಂದು ಮಧ್ಯಾಹ್ನ ಸಿಕ್ಕಿಬೀಳುವುದಿಲ್ಲವೇ? ಸಿಕ್ಕಿಬೀಳುತ್ತಾನೆ. ಅದಕ್ಕಾಗಿಯೇ ಒಬ್ಬನೇ ಹಾರುವಾಗಿನ ಮಿತಿ, ಇನ್ಸ್ಟ್ರಕ್ಟರ್ ಪಕ್ಕದಲ್ಲಿರುವಾಗಿನ ಮಿತಿ ಬೇರೆ ಬೇರೆಯಾಗಿರಬೇಕು. ಒಬ್ಬನೇ ಇರುವಾಗ ತಪ್ಪಿಸಿಕೊಳ್ಳಬೇಕಾದ ಗಾಳಿಯನ್ನು ಇನ್ಸ್ಟ್ರಕ್ಟರ್ ಜೊತೆ ಹುಡುಕಿಕೊಂಡು ಹೋಗಬೇಕು. ಉದ್ದನೆಯ ರನ್‌ವೇ ಇದಕ್ಕೆ ವರ: ನೆಲ ಮುಟ್ಟದೆ ಹತ್ತಡಿ ಮೇಲೆ ಪಟ್ಟಿಯುದ್ದಕ್ಕೂ ತಗ್ಗಿದ ರೆಕ್ಕೆಯಲ್ಲಿ ನಡುಗೆರೆ ಹಿಡಿದು ಸಾಗಿ ಮೇಲೇರುವ ಅಭ್ಯಾಸವನ್ನು 2,300 ಮೀಟರಿನ ಮೇಲೆ ಮಾಡುವಷ್ಟು ಚೆನ್ನಾಗಿ ಚಿಕ್ಕ ಪಟ್ಟಿಯ ಮೇಲೆ ಮಾಡಲಾಗದು. ಇಂಥ ಒಂದು ಸಾಗುವಿಕೆ ಕಾಲಿಗೂ ಕೈಗೂ ಕೊಡುವ ಪಾಠ ಹತ್ತು ಇಳಿತಗಳು ಕೊಡಲಾರವು, ಏಕೆಂದರೆ ಇಳಿತದಲ್ಲಿ ಆ ಸ್ಥಿತಿ ಉಳಿಯುವುದೇ ಕೆಲವು ಸೆಕೆಂಡು. ಮಾನ್ಸೂನಿನ ಏರಿಳಿತ ಕಡಿಮೆಯಿರುವ, ತುಸು ಓರೆಯಾದ ಗಾಳಿ ಮೊದಲ ಪಾಠಕ್ಕೆ. ಬೇಸಿಗೆಯ ಹತ್ತು ಗಂಟೆಯ ಹೊತ್ತು ಎರಡನೆಯದಕ್ಕೆ. ಸಿಮ್ಯುಲೇಟರ್ ಕ್ರಮವನ್ನು ಕಲಿಸೀತು, ಆಸನದಡಿಯ ಕುಸಿತವನ್ನು ಕಲಿಸದು.

ಕೊನೆಯ ಆಕ್ಷೇಪ ಹಣದ್ದು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿದ್ಯಾರ್ಥಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ಎಷ್ಟೋ ಮನೆಗಳಲ್ಲಿ ಅದು ಹೊಲದ ಮೇಲೆ ತಂದ ಸಾಲ. ಶಾಲೆಗೆ ದಿನಕ್ಕಿಷ್ಟು ಹಾರಾಟ ಆಗಲೇಬೇಕು. ಕಾಯುವುದು, ಹಿಂದಿರುಗುವುದು, ಮತ್ತೆ ಸುತ್ತುವುದು ಇಬ್ಬರಿಗೂ ನಷ್ಟವೆಂದು ತೋರುತ್ತದೆ. ಆದರೆ ಒಂದು ಮುರಿದ ಮೂಗುಚಕ್ರ, ನೆಲಕ್ಕೆ ಬಡಿದ ಪ್ರೊಪೆಲ್ಲರ್, ಅದರ ಹಿಂದೆಯೇ ಬಿಚ್ಚಿ ನೋಡಬೇಕಾದ ಎಂಜಿನ್ ವಿಮಾನವನ್ನು ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ಕೂರಿಸುತ್ತವೆ. ಆ ನಷ್ಟದ ಮುಂದೆ ಕಾದ ಮಧ್ಯಾಹ್ನಗಳ ನಷ್ಟ ಲೆಕ್ಕಕ್ಕೇ ಬಾರದು.

ಆದ್ದರಿಂದ ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಶಾಲೆಗಳು ಪ್ರತಿ ವಿದ್ಯಾರ್ಥಿಯ ಅಡ್ಡಗಾಳಿ ಮಿತಿಯನ್ನು ಬರಹದಲ್ಲಿ ಗೊತ್ತುಮಾಡಲಿ, ಅದನ್ನು ಬೀಸಿನ ತುದಿಯ ಮೇಲೆ ಎಣಿಸಲಿ. ಮಾರ್ಚ್‌ನಿಂದ ಮೇವರೆಗೆ ಒಬ್ಬೊಬ್ಬರೇ ಹಾರುವ ಪಾಳಿಗಳನ್ನು ಬೆಳಗಿಗೆ ಇಡಲಿ, ಮಧ್ಯಾಹ್ನವನ್ನು ಇನ್ಸ್ಟ್ರಕ್ಟರ್ ಜೊತೆಗಿನ ಪಾಠಕ್ಕೆ ಬಿಡಲಿ. ದೂರ ಪ್ರಯಾಣಕ್ಕೆ ಹೊರಟವರು ಗಾಳಿ ಇಳಿಯುವವರೆಗೆ ಸುತ್ತಲು ಬೇಕಾದ ಇಂಧನವನ್ನೂ ಲೆಕ್ಕಕ್ಕೆ ಹಿಡಿಯಲಿ, ಏಕೆಂದರೆ ಬದಲಿ ನಿಲ್ದಾಣದ ಪಟ್ಟಿಯೂ ಅದೇ ದಿಕ್ಕಿಗಿದೆ. ಗಾಳಿಯ ಬೀಸಿನ ತುದಿಯನ್ನು ಕೇಳದೆಯೇ ತಿಳಿಸುವ ವಾಡಿಕೆಯನ್ನು ತರಬೇತಿ ನಡೆಯುವ ಟವರ್‌ಗಳು ಬೆಳೆಸಲಿ. ಗೋ-ಅರೌಂಡ್ ಮಾಡಿ ಬಂದ ವಿದ್ಯಾರ್ಥಿಯನ್ನು ಯಾಕೆ ಇಳಿಯಲಿಲ್ಲ ಎಂದು ಕೇಳುವ ಬದಲು, ಮಿತಿ ಮೀರಿದ ಗಾಳಿಯಲ್ಲಿ ಚೆನ್ನಾಗಿ ಇಳಿದವನನ್ನೇ ಯಾಕೆ ಇಳಿದೆ ಎಂದು ಇನ್ಸ್ಟ್ರಕ್ಟರುಗಳು ಕೇಳಲಿ. ಪರವಾನಗಿಗೆ ಹೊರಟಿರುವ ತರುಣರು ಮಾಡಬೇಕಾದ್ದು ಒಂದೇ: ಇಂದಿನ ಗಾಳಿಗೆ ನನ್ನ ಅಂಕೆ ಎಷ್ಟು ಎಂಬುದನ್ನು ಎಂಜಿನ್ ಶುರು ಮಾಡುವ ಮುನ್ನ ಕಾಗದದ ಮೇಲೆ ಬರೆದುಕೊಳ್ಳಿ, ನೆಲ ಕಂಡ ಮೇಲೆ ಆ ಅಂಕೆಯನ್ನು ತಿದ್ದಬೇಡಿ.